ಮೂರನೆಯ ಬಟ್ಟಲಿನ ತನಕ

ಹೊರಡುವ ಮುನ್ನ

ಕಾಫಿ ಸಂಶೋಧನೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಒಪ್ಪಿಸಿದ ತಾಕಿನ ಮೊದಲ ಗಿಡಕ್ಕೆ ತಗಡಿನ ಚೀಟಿಯೊಂದನ್ನು ತಂತಿಯಿಂದ ಕಟ್ಟಿದ್ದರು. ಅದರ ಮೇಲೆ ‘ಅಗಾರೊ’ ಎಂಬ ಒಂದೇ ಪದವಿತ್ತು. ಅದು ಇಥಿಯೋಪಿಯಾ ದೇಶದ ಒಂದು ಊರು, ಈ ಗಿಡದ ಪೂರ್ವಿಕರು ಅಲ್ಲಿಂದ ಬಂದವರು ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು. ಎಲೆತುಕ್ಕು ರೋಗವನ್ನು ತಡೆದುಕೊಳ್ಳುವ ಗಿಡಗಳನ್ನು ಹುಡುಕುವುದು ನಮ್ಮ ಕೆಲಸ. ಅದಕ್ಕಾಗಿಯೇ ಆ ದೇಶದ ಕಾಡುಕಾಫಿಯ ಸಂತತಿಯನ್ನು ಇಲ್ಲಿ ಬೆಳೆಸಿದ್ದರು. ನಿವೃತ್ತಿಯಾಗುವ ತನಕ ನಾನು ಆ ಗಿಡಗಳ ಎಲೆ ಎಣಿಸಿದೆ, ಹೂ ಎಣಿಸಿದೆ, ಚುಕ್ಕೆ ಎಣಿಸಿದೆ. ಅವುಗಳ ಕಾಡನ್ನು ಮಾತ್ರ ನೋಡಿರಲಿಲ್ಲ.

ಆದ್ದರಿಂದ ಮೂಡಿಗೆರೆ, ಕಳಸ ಕಡೆಯ ಬೆಳೆಗಾರರ ಪುಟ್ಟ ನಿಯೋಗವೊಂದು ಇಥಿಯೋಪಿಯಾಕ್ಕೆ ಹೊರಟಿದೆಯೆಂದೂ, ಕನ್ನಡದಿಂದ ಇಂಗ್ಲಿಷಿಗೆ ಮಾತು ದಾಟಿಸಲು ಒಬ್ಬರು ಬೇಕೆಂದೂ ತಿಳಿದಾಗ ನಾನು ವಯಸ್ಸನ್ನೂ ಮಂಡಿಯನ್ನೂ ಲೆಕ್ಕಿಸದೆ ಒಪ್ಪಿಕೊಂಡೆ.

ನಿಯೋಗದಲ್ಲಿ ಈ ಕಥನಕ್ಕೆ ಬೇಕಾದವರು ಮೂವರು. ಕೊಟ್ಟಿಗೆಹಾರದ ಲಕ್ಷ್ಮಣ ಗೌಡರು ತಲೆತಲಾಂತರದ ಎಸ್ಟೇಟಿನ ಒಡೆಯರು. ಮಾತಿಗೊಂದು ತಮಾಷೆ ಇಲ್ಲದೆ ಅವರಿಗೆ ಉಸಿರಾಡಲು ಬರುವುದಿಲ್ಲ. ಬಾಳೂರಿನ ಸುಮಿತ್ರಾ ಎಸ್ಟೇಟಿನ ಕೂಲಿಯಾಳುಗಳ ಲೈನುಮನೆಯಲ್ಲಿ ಹುಟ್ಟಿದವರು. ಈಗ ಸ್ವಂತದ ಸಣ್ಣದೊಂದು ಇಳಿಜಾರಿನಲ್ಲಿ ಕಾಫಿ, ಮೆಣಸು ಬೆಳೆಯುತ್ತ, ತಮ್ಮಂಥ ಮಹಿಳೆಯರ ಗುಂಪೊಂದನ್ನು ಮುನ್ನಡೆಸುತ್ತಾರೆ. ಮೂರನೆಯವರು ನಿಯೋಗದ ನಾಯಕರು, ಹಿಂದೆ ಶಾಸಕರಾಗಿದ್ದವರು. ಅವರ ಹೆಸರನ್ನು ಬರೆಯುವುದಿಲ್ಲ. ಬರೆದರೆ ಅದು ಅವರೊಬ್ಬರ ಮೇಲಿನ ದೂರಾಗುತ್ತದೆ. ನನ್ನ ದೂರು ಅದಕ್ಕಿಂತ ಅಗಲವಾದದ್ದು.

ಅಲ್ಲಿ ಆಡಬೇಕಾದ ಭಾಷಣವನ್ನು ಬರೆದುಕೊಡಲು ನಾಯಕರು ನನಗೇ ಹೇಳಿದರು. ಬರೆದೆ. ನಮ್ಮ ಗಿರಿಗೆ ಹೆಸರು ಕೊಟ್ಟ ಸಂತರು ಯೆಮೆನ್ ದೇಶದಿಂದ ಏಳು ಬೀಜ ತಂದ ಸಂಗತಿಯನ್ನು ಎಲ್ಲರೂ ಹದಿನೇಳನೆಯ ಶತಮಾನದ್ದೆಂದು ಬರೆಯುತ್ತಾರೆ. ಕೆಲವರು ವರ್ಷವನ್ನೂ ಕೊಡುತ್ತಾರೆ. ಆ ವರ್ಷವನ್ನು ಹೇಳುವ ಸಮಕಾಲೀನ ದಾಖಲೆ ನನಗೆ ಈ ತನಕ ಸಿಕ್ಕಿಲ್ಲ. ಆದ್ದರಿಂದ ‘ಎಂದು ಪ್ರತೀತಿ’ ಎಂಬ ಎರಡು ಪದಗಳನ್ನು ಸೇರಿಸಿದ್ದೆ.

ನಾಯಕರು ಓದಿ ಮಡಚಿ ಜೇಬಿಗಿಟ್ಟುಕೊಂಡರು. “ಚೆನ್ನಾಗಿದೆ ಡಾಕ್ಟ್ರೆ. ಆದ್ರೆ ಪ್ರತೀತಿ ಅಂದ್ರೆ ಚಪ್ಪಾಳೆ ಬೀಳಲ್ಲ.”

ಅಡಿಸ್ ಅಬಾಬಾ

ದಿನಾಂಕಗಳನ್ನು ತಾಳೆ ನೋಡುವ ಚಟವಿರುವವನು ಇಥಿಯೋಪಿಯಾಕ್ಕೆ ಹೋಗಬಾರದು; ಅಥವಾ ಅಲ್ಲಿಗೇ ಹೋಗಬೇಕು. ಅವರ ವರ್ಷ ನಮ್ಮ ಗೋಡೆಯ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದಿದೆ, ವರ್ಷಕ್ಕೆ ಹದಿಮೂರು ತಿಂಗಳು, ಗಡಿಯಾರದ ಗಂಟೆಗಳು ಸೂರ್ಯೋದಯದಿಂದ ಶುರುವಾಗುತ್ತವೆ. ಹೋಟೆಲಿನವರು ಕೊಟ್ಟ ರಸೀತಿಯನ್ನು ನೋಡಿ ನಾನು ಮುದ್ರಣದೋಷವೆಂದು ತಿದ್ದಲು ಹೊರಟೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ನಕ್ಕು, ತಿದ್ದಬೇಕಾದದ್ದು ನಿಮ್ಮ ವರ್ಷವನ್ನು ಎಂದಳು.

“ನಾನಂತೂ ಇಲ್ಲೇ ಇರ್ತೀನಿ ಮಾರಾಯ್ರೆ,” ಎಂದರು ಗೌಡರು. “ಪಾಸ್‌ಪೋರ್ಟಿಗೆ ಒಂದೇ ಸೀಲು ಹೊಡೆದು ಏಳು ವರ್ಷ ಚಿಕ್ಕವನನ್ನ ಮಾಡಿದ್ರು. ಮಂಡಿಗೊಂದು ಈ ಸುದ್ದಿ ಮುಟ್ಟಿಲ್ಲ.”

ನನಗೆ ತೊಡಕಾದರೂ ಒಳಗೊಳಗೇ ಹಿತವಾಯಿತು. ಶಾಸನಗಳ ಶಕವರ್ಷಕ್ಕೆ ಎಪ್ಪತ್ತೆಂಟನ್ನು ಕೂಡಿಸಿ ಓದುವ ಅಭ್ಯಾಸ ನಮ್ಮದು. ನಮ್ಮ ಪಂಚಾಂಗದ ದಿನವೂ ಸೂರ್ಯೋದಯಕ್ಕೇ ಶುರುವಾಗುತ್ತದೆ; ನಾವು ಅದನ್ನು ಹಬ್ಬ, ಮದುವೆಗಳಿಗೆ ಮೀಸಲಿಟ್ಟು, ಉಳಿದ ಬದುಕನ್ನು ಪರರ ಗಡಿಯಾರಕ್ಕೆ ಕೊಟ್ಟೆವು. ಇವರು ಎಲ್ಲಿಯೂ ಕೊಡಲಿಲ್ಲ. ಇಟಲಿಯ ಐದು ವರ್ಷಗಳ ಆಕ್ರಮಣವೊಂದನ್ನು ಬಿಟ್ಟರೆ ಯಾರ ಕೈಕೆಳಗೂ ಇರದ ದೇಶ ಎಂದು ನಮ್ಮ ಮಾರ್ಗದರ್ಶಿ ದಾವಿತ್ ಹೇಳಿದಾಗ ಅವನ ಕುತ್ತಿಗೆ ತಾನಾಗಿ ನೆಟ್ಟಗಾಯಿತು. ದಾವಿತ್ ಮೂವತ್ತರ ಆಸುಪಾಸಿನವನು. ಹಿಂದೆ ಇಂಗ್ಲಿಷ್ ಮೇಷ್ಟ್ರಾಗಿದ್ದವನು.

ಬೀದಿಬೀದಿಗಳಲ್ಲಿ ಜನ ಗಿಡ್ಡ ಸ್ಟೂಲುಗಳ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದರು. ತಾವು ಬೆಳೆದದ್ದರಲ್ಲಿ ಸುಮಾರು ಅರ್ಧವನ್ನು ಅವರೇ ಕುಡಿಯುತ್ತಾರೆ. ನಾವು ಒಳ್ಳೆಯದನ್ನು ಹಡಗು ಹತ್ತಿಸಿ, ಉಳಿದದ್ದಕ್ಕೆ ಚಿಕೋರಿ ಬೆರೆಸಿ ಕುಡಿಯುವವರು. ಇದನ್ನು ಹೇಳಿದರೆ ಸುಮಿತ್ರಾ, “ನಾವು ಮಾರೋಕೆ ಬೆಳೀತೀವಿ, ಇವ್ರು ಕೂತ್ಕೊಳೋಕೆ ಬೆಳೀತಾರೆ,” ಎಂದರು.

ನಾಯಕರು ಆ ಹೊತ್ತಿಗೆ ಹೋಟೆಲಿನ ಮುಂಭಾಗದಲ್ಲಿ ತಮ್ಮ ಫೋನಿನೆದುರು ನಿಂತು ನಾಡಿನ ಜನತೆಗೆ ಶುಭಾಶಯ ಕೋರುತ್ತಿದ್ದರು.

ಅಗಾರೊ

ನಮ್ಮ ಪ್ರವಾಸದ ಗುರಿಯಾಗಿದ್ದ, ಕಾಡುಕಾಫಿ ಬೆಳೆಯುವ ಬೋಂಗಾದ ಕಾಡಿಗೆ ಹೋಗುವ ದಾರಿಯನ್ನು ಸ್ವಲ್ಪ ಬಳಸಿ ನನಗಾಗಿ ಅಗಾರೊ ತೋರಿಸಲು ದಾವಿತ್ ಒಪ್ಪಿದ. ಏರುತಗ್ಗುಗಳ ದಾರಿ, ಮೋಡ, ಕೆಮ್ಮಣ್ಣು. ಗೌಡರು ಕಿಟಕಿಯಿಂದ ನೋಡಿ, ನಮ್ಮ ಬಣಕಲ್ ದಾಟಿದರೆ ಇದೇ ಕಾಣುತ್ತದೆ, ಇಷ್ಟು ದೂರ ಬರಬೇಕಾಗಿರಲಿಲ್ಲ ಎಂದರು.

ಊರು ಬಂದಾಗ ನಾನು ಗಾಡಿ ನಿಲ್ಲಿಸಲು ಹೇಳಿದೆ. ರಸ್ತೆಯ ಬದಿಯಲ್ಲಿ ಹಳದಿ ಬಣ್ಣದ ದೊಡ್ಡ ಫಲಕವೊಂದು ನಿಂತಿತ್ತು. ಅದರ ಮೇಲೆ ಅವರ ಲಿಪಿಯಲ್ಲಿ ದಪ್ಪ ಅಕ್ಷರಗಳು. ನಾನು ಅಂಗಿಯ ಗುಂಡಿ ಹಾಕಿಕೊಂಡು ಅದರ ಕೆಳಗೆ ನಿಂತೆ. ಸುಮಿತ್ರಾ ಹಲವು ಫೋಟೋ ತೆಗೆದರು. ನನ್ನ ಕಣ್ಣು ತುಂಬಿತ್ತೆಂದು ಅವರು ಆಮೇಲೆ ಹೇಳಿದರು, ನಾನು ಅಲ್ಲಗಳೆಯಲಾರೆ. ದಾವಿತ್ ಮಾತ್ರ ಮುಖ ತಿರುಗಿಸಿಕೊಂಡು ಹೆಗಲು ಕುಲುಕುತ್ತಿದ್ದ.

“ಸರ್, ಅದು ಊರಿನ ಹೆಸರಲ್ಲ,” ಎಂದ ಕೊನೆಗೆ. “ಟಯರಿಗೆ ಪಂಕ್ಚರ್ ಹಾಕಲಾಗುತ್ತದೆ ಎಂದು ಬರೆದಿದೆ.”

ಗೌಡರು ನಗು ತಡೆಯಲಾರದೆ ಗಾಡಿಗೆ ಒರಗಿದರು. “ಇಷ್ಟು ವರ್ಷ ರಿಸರ್ಚ್ ಮಾಡಿದ್ದು ಟಯರ್ ಮೇಲಾ ಡಾಕ್ಟ್ರೆ?”

ನಿಜವಾದ ಫಲಕದ ಕೆಳಗೆ ಇನ್ನೊಂದು ಚಿತ್ರ ತೆಗೆಸಿಕೊಂಡೆ. ಆದರೆ ಮನೆಯ ಗೋಡೆಯ ಮೇಲೆ ಈಗ ಇರುವುದು ಪಂಕ್ಚರಿನದ್ದು. ಅದರಲ್ಲಿ ನನ್ನ ಮುಖ ಹೆಚ್ಚು ಪ್ರಾಮಾಣಿಕವಾಗಿದೆ.

ಬೋಂಗಾ, ಮೊದಲ ಬಟ್ಟಲು

ಬೋಂಗಾದ ಬಳಿಯ ಹಳ್ಳಿಯೊಂದರಲ್ಲಿ ಕಾಡಿನ ಅಂಚಿಗೆ ಮನೆ ಮಾಡಿಕೊಂಡಿರುವ ಹಿರಿಯರು ಆತೊ ಗೆಬ್ರೆ. ‘ಆತೊ’ ಎಂದರೆ ನಮ್ಮ ‘ಶ್ರೀಯುತ’ ಇದ್ದಂತೆ. ದಾರಿಯಲ್ಲಿ ದಾವಿತ್ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದ್ದ. ಕಾಗದಪತ್ರದ ಅನುಮತಿ ತನ್ನ ಬಳಿ ಇದೆ. ಆದರೆ ಆತೊ ಗೆಬ್ರೆ ಬಾಯಿಬಿಟ್ಟು ಬನ್ನಿ ಎನ್ನದೆ ತಾನು ಯಾರನ್ನೂ ಆ ಕಾಡಿನೊಳಗೆ ಕರೆದೊಯ್ಯುವುದಿಲ್ಲ. ಅವರ ಮನೆಯಲ್ಲಿ ಕಾಫಿ ಕುಡಿಯಬೇಕು, ಮೂರು ಬಟ್ಟಲು. ಮೂರನೆಯದರ ಹೆಸರು ‘ಬರಕಾ’, ಅಂದರೆ ಆಶೀರ್ವಾದ. ಅದಕ್ಕೆ ಮುಂಚೆ ಎದ್ದುಹೋಗುವುದು ಉಣ್ಣುವ ಎಲೆಯಿಂದ ಎದ್ದುಹೋದಂತೆ.

ಒಳಗೆ ನೆಲಕ್ಕೆ ಹಸಿ ಹುಲ್ಲು ಹಾಸಿದ್ದರು, ಮೂಲೆಯಲ್ಲಿ ಧೂಪ. ಹಿರಿಯರ ಸೊಸೆ ಅಲ್ಮಾಜ್ ಹಸಿ ಕಾಫಿಬೀಜವನ್ನು ತೊಳೆದು, ಬಾಣಲೆಯಲ್ಲಿ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಂದೆಯೂ ತಂದು ಹಿಡಿದಳು. ಮಂಗಳಾರತಿಯ ತಟ್ಟೆಗೆ ಕೈಚಾಚುವಂತೆ ಗೌಡರು ಹೊಗೆಯನ್ನು ಕಣ್ಣಿಗೊತ್ತಿಕೊಂಡರು. ಅದು ಸರಿಯಾದ ಕ್ರಮವೇ ಆಗಿತ್ತು. ಬಳಿಕ ಕುಟ್ಟಿ, ಉದ್ದ ಕತ್ತಿನ ಕಪ್ಪು ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಮೇಲಿನಿಂದ ಸುರಿದಳು. ಜೊತೆಗೆ ಜೋಳದ ಅರಳು. ಸುಮಿತ್ರಾ ಬಾಳೂರಿನಿಂದ ತಂದಿದ್ದ ತಮ್ಮ ತೋಟದ ಕಾಫಿಬೀಜದ ಪೊಟ್ಟಣವನ್ನು ಅವಳ ಕೈಗಿತ್ತರು. ಅವಳು ಮೂಸಿ ನೋಡಿ ನಕ್ಕಳು.

ಮೊದಲ ಬಟ್ಟಲು ಮುಗಿಯುತ್ತಿದ್ದಂತೆ ನಾಯಕರು ಎದ್ದು ನಿಂತರು. ಫೋನನ್ನು ಸುಮಿತ್ರಾ ಕೈಗೆ ಕೊಟ್ಟು, ನೇರವಾಗಿ ಹಿಡಿದುಕೊಳ್ಳುವಂತೆ ಹೇಳಿದರು. ನಾನು ಬರೆದುಕೊಟ್ಟ ಭಾಷಣ ಜೇಬಿನಿಂದ ಹೊರಬರಲಿಲ್ಲ.

“ಇಡೀ ಪ್ರಪಂಚಕ್ಕೆ ಕಾಫಿ ಕೊಟ್ಟದ್ದು ಭಾರತ,” ಎಂದರು ಕನ್ನಡದಲ್ಲಿ. “ಆ ಭಾರತದಿಂದ ನಾವು ಬಂದಿದ್ದೇವೆ. ಕಾಡನ್ನು ಹೇಗೆ ಉಳಿಸಿಕೊಳ್ಳಬೇಕು ಅನ್ನೋದನ್ನೂ ನಮ್ಮಿಂದ ನೀವು ಕಲೀಬಹುದು. ನಮ್ಮಲ್ಲಿ ಕುದುರೆಮುಖದ ಗಣಿ ನಿಲ್ಲಿಸಿದವರೇ ನಾವು.” ಆಮೇಲೆ ನನ್ನತ್ತ ತಿರುಗಿ, “ಹೇಳಿ ಡಾಕ್ಟ್ರೆ,” ಎಂದರು.

ಭಾಷಾಂತರಕಾರನಿಗೆ ಒಂದು ಧರ್ಮವಿದೆ: ಆಡಿದವರ ಮಾತನ್ನು ತಿದ್ದಬಾರದು. ಮೃದುಗೊಳಿಸಿ ಹೇಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇಡೀ ಜೀವಮಾನ ಇನ್ನೊಬ್ಬರ ಬರಹದಲ್ಲಿ ಕದ್ದು ತಿದ್ದಿದ ಸಂಖ್ಯೆಗಳನ್ನು ಹಿಡಿದವನು ನಾನು. ಇದ್ದದ್ದು ಇದ್ದಂತೆ ಇಂಗ್ಲಿಷಿನಲ್ಲಿ ಹೇಳಿದೆ. ದಾವಿತ್ ನನ್ನನ್ನೇ ಒಂದು ಕ್ಷಣ ನೋಡಿ ಅವರ ಭಾಷೆಗೆ ದಾಟಿಸಿದ. ಆತೊ ಗೆಬ್ರೆ ಬಟ್ಟಲನ್ನು ಕೆಳಗಿಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬಾಗಿಲು ಮುಚ್ಚಿದ ಮನೆಯ ಹಾಗಿತ್ತು.

ನಾನು ಮುಂದುವರಿಸಿದೆ. “ಈಗ ಹೇಳಿದ್ದು ನಮ್ಮ ನಾಯಕರ ಮಾತು. ನನ್ನ ತಿಳಿವಳಿಕೆ ಬೇರೆ. ಈ ಗಿಡ ಹುಟ್ಟಿದ್ದು ನಿಮ್ಮ ಕಾಡುಗಳಲ್ಲಿ. ಇಲ್ಲಿಂದ ಸಮುದ್ರ ದಾಟಿ ಯೆಮೆನ್‌ಗೆ ಹೋಯಿತು. ಅಲ್ಲಿಂದ ಸಂತರೊಬ್ಬರು ಏಳು ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟರೆಂದು ಪ್ರತೀತಿ. ಯಾವ ವರ್ಷವೆಂದು ನನಗೆ ಖಚಿತವಿಲ್ಲ. ನಿಮ್ಮದು ಮೊದಲು ಎಂಬುದು ಖಚಿತ. ಕುದುರೆಮುಖದಲ್ಲಿ ಕಬ್ಬಿಣದ ಗಣಿಗಾರಿಕೆ ನಿಂತದ್ದು ೨೦೦೫ನೆಯ ಇಸವಿಯ ಕೊನೆಗೆ. ನಿಲ್ಲಿಸಿದ್ದು ನ್ಯಾಯಾಲಯ. ಕೇಳಿಕೊಂಡವರು ಸಾಮಾನ್ಯ ಜನ.”

ನಾಯಕರಿಗೆ ಇಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. ನನ್ನ ಕಿವಿಯ ಬಳಿ ಬಾಗಿ, “ಎಂತದ್ರೀ ಇದು? ಹೊರದೇಶದಲ್ಲಿ ದೇಶದ ಮರ್ಯಾದೆ ತೆಗೀತಿದ್ದೀರಿ,” ಎಂದರು.

“ಇರೋ ಮರ್ಯಾದೆ ಸಾಕು ಸಾರ್,” ಎಂದೆ. “ಕಡ ತರೋದು ಬೇಡ.”

ಅವರ ಫೋನು ಅಷ್ಟರಲ್ಲಿ ಸುಮಿತ್ರಾ ಕೈಯಲ್ಲೇ ಮೊಳಗಿತು. ಅದನ್ನು ಕಿತ್ತುಕೊಂಡು, ಊರಿಂದ ತುರ್ತು ಕರೆ ಎಂದು ಹೊರಗೆ ಹೋದರು. ಗಾಡಿಯ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಅಲ್ಮಾಜ್ ನಾಯಕರ ಖಾಲಿ ಬಟ್ಟಲನ್ನು ತಟ್ಟೆಯಲ್ಲಿ ಬೋರಲು ಹಾಕಿಟ್ಟಳು. ಕಾಡು ನನ್ನಿಂದ ದೂರ ಸರಿಯುವುದು ನನಗೆ ಕಾಣಿಸಿತು; ಅದರ ಹಸಿರು ಅಂಚು ಬಾಗಿಲಿನಾಚೆಗೇ ಇತ್ತು.

ಎರಡನೆಯ ಬಟ್ಟಲು

ಹೂಜಿಗೆ ಮತ್ತೆ ನೀರು ಹಾಕಿ ಕುದಿಸಿ ಎರಡನೆಯ ಸುತ್ತು ಬಂತು. ಗೌಡರು ತಮ್ಮ ಬಟ್ಟಲನ್ನು ಎತ್ತಿ, ತಲೆ ಹಿಂದಕ್ಕೆ ವಾಲಿಸಿ, ತುಟಿಗೆ ತಾಗಿಸದೆ ಬಾಯಿಗೆ ಸುರಿದುಕೊಂಡರು. ಮೊದಲ ಸುತ್ತಿನಲ್ಲೂ ಹೀಗೆಯೇ ಕುಡಿದಿದ್ದರು. ನಾನು ಗಮನಿಸಿರಲಿಲ್ಲ, ಏಕೆಂದರೆ ನಮ್ಮಲ್ಲಿ ಅದು ಗಮನಿಸುವ ಸಂಗತಿಯೇ ಅಲ್ಲ. ಲೋಟವನ್ನು ಎಂಜಲು ಮಾಡದೆ ಎತ್ತಿ ಕುಡಿಯುವುದನ್ನು ನಮಗೆ ನಡೆಯುವುದಕ್ಕೆ ಮುಂಚೆಯೇ ಕಲಿಸುತ್ತಾರೆ. ಹಿಡಿಯಿಲ್ಲದ ಬಟ್ಟಲು, ಕುದಿಯುವ ಕಾಫಿ. ಅರ್ಧ ಅವರ ಅಂಗಿಯ ಮೇಲಾಯಿತು.

ಆತೊ ಗೆಬ್ರೆ ನೆಟ್ಟಗೆ ಕುಳಿತರು. ಅಲ್ಲಿಯ ತನಕ ಇಲ್ಲದ ದನಿಯಲ್ಲಿ ಏನೋ ಕೇಳಿದರು. ದಾವಿತ್ ದಾಟಿಸಿದ.

“ಇವರು ಕೇಳುತ್ತಿದ್ದಾರೆ, ನಿಮ್ಮ ದೇಶದಲ್ಲಿ ಎಲ್ಲರೂ ಹೀಗೆ ಕುಡಿಯುತ್ತಾರೆಯೆ? ಇವರಿಗೆ ಶಾಲೆಯಲ್ಲಿ ಇಂಡಿಯಾದ ಮೇಷ್ಟ್ರೊಬ್ಬರು ಇದ್ದರಂತೆ. ಈ ದೇಶವನ್ನು ಚಕ್ರವರ್ತಿ ಆಳುತ್ತಿದ್ದ ಕಾಲದಲ್ಲಿ.”

ಹಿರಿಯರು ಹೇಳಿದ ವರ್ಷಕ್ಕೆ ನಾನು ಮನಸ್ಸಿನಲ್ಲೇ ಒಮ್ಮೆ ಏಳನ್ನೂ ಒಮ್ಮೆ ಎಂಟನ್ನೂ ಕೂಡಿಸಿ ನೋಡಿದೆ. ನಮ್ಮ ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿ ಆ ದೇಶದ ಶಾಲೆಗಳಲ್ಲಿದ್ದ ಕಾಲಕ್ಕೆ ಅದು ಸರಿಯಾಗಿ ಕೂರುತ್ತಿತ್ತು. ಮೇಷ್ಟ್ರ ಹೆಸರು ಅವರಿಗೆ ನೆನಪಿಲ್ಲ. ಎಲ್ಲರೂ ‘ಟೀಚರ್’ ಎನ್ನುತ್ತಿದ್ದರು. ಇಂಡಿಯಾದ ಯಾವ ಕಡೆಯವರೆಂದೂ ಗೊತ್ತಿಲ್ಲ. ಗಣಿತ ಕಲಿಸುತ್ತಿದ್ದರು. ಶಾಲೆಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಮಳೆಯಲ್ಲಿ ಮನೆಮನೆಗೆ ನಡೆದು ಬರುತ್ತಿದ್ದರು. ಬಂದ ಮನೆಯಲ್ಲಿ ಕುಳಿತು ಮೂರು ಬಟ್ಟಲನ್ನೂ ಮುಗಿಸಿಯೇ ಏಳುತ್ತಿದ್ದರು. ಆದರೆ ಒಂದು ದಿನವೂ ಬಟ್ಟಲಿಗೆ ತುಟಿ ತಾಗಿಸಲಿಲ್ಲ. ಹೀಗೇ, ಈ ಯಜಮಾನರ ಹಾಗೆ, ಮೇಲಿನಿಂದ.

“ನನಗೆ ಲೆಕ್ಕ ಬರುವಂತೆ ಮಾಡಿದವರು ಅವರು,” ಎಂದು ದಾವಿತ್‌ನ ಮೂಲಕ ಆತೊ ಗೆಬ್ರೆ ಹೇಳಿದರು. “ಅವರನ್ನು ತುಂಬಾ ಪ್ರೀತಿಸುತ್ತಿದ್ದೆ. ಅದಕ್ಕೇ ಕೇಳಲು ಧೈರ್ಯವಾಗಲಿಲ್ಲ. ನಮ್ಮ ತಾಯಿ ತೊಳೆದ ಬಟ್ಟಲು ಅವರಿಗೆ ಕೊಳಕೆನಿಸುತ್ತಿತ್ತೇ?”

ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಗೌಡರ ಮುಖ ಇಳಿಯಿತು. ಅವರು ಒದ್ದೆ ಅಂಗಿಯನ್ನು ಒರೆಸಿಕೊಳ್ಳುವುದನ್ನು ಬಿಟ್ಟರು.

“ಅಯ್ಯೋ, ಹಂಗಲ್ಲ ಅಂತ ಹೇಳಿ ಮಾರಾಯ್ರೆ. ನಾನು ನನ್ನ ಅಮ್ಮ ಕೊಟ್ಟ ಲೋಟದಲ್ಲೂ ಹಿಂಗೇ ಕುಡೀತಿದ್ದದ್ದು. ನನ್ನ ಬಾಯಿ ತಾಗಿದ್ದು ಇನ್ನೊಬ್ಬರಿಗೆ ಹೋಗ್ಬಾರ್ದು ಅಂತ. ಮುಂದೆ ಕುಡಿಯೋರಿಗೆ ಮರ್ಯಾದೆ ಅದು. ಅಷ್ಟೇ.”

ಇದನ್ನು ಇಂಗ್ಲಿಷಿಗೆ ತರಲು ನಾನು ಬಾಯಿ ತೆರೆದಿದ್ದೆ.

“ಅಷ್ಟೇ ಅಲ್ಲ,” ಎಂದರು ಸುಮಿತ್ರಾ. “ಪೂರ್ತಿ ಹೇಳಿ ಸಾರ್.”

“ಎಂತದು ಪೂರ್ತಿ?” ಎಂದರು ಗೌಡರು.

“ನಮ್ಮಜ್ಜಿ ಎಸ್ಟೇಟಿನ ಬಂಗ್ಲೆ ಹಿಂದೆ ನಿಂತು ಕಾಫಿ ಕುಡೀತಿದ್ದದ್ದು ತೆಂಗಿನ ಚಿಪ್ಪಲ್ಲಿ. ಕುಡಿದು ತೊಳೆದು ಬೇಲಿಗೆ ಸಿಕ್ಕಿಸಿ ಹೋಗ್ಬೇಕು. ಅಮ್ಮನ ಕಾಲಕ್ಕೆ ಲೋಟ ಬಂತು, ಬೇರೆ ಲೋಟ. ಎಂಜಲು ಅನ್ನೋದು ನಿಮ್ಗೆ ಮರ್ಯಾದೆ ಗೌಡ್ರೆ. ನಮ್ಗೆ ಅದು ಬೇಲಿ.” ಅವರ ದನಿ ಏರಲಿಲ್ಲ. “ಇವ್ರು ಇಷ್ಟು ವರ್ಷ ಕಾದು ಕೇಳಿದ್ದಾರೆ. ಅರ್ಧ ಹೇಳಿ ಕಳಿಸಿದ್ರೆ ನಾವೂ ಆ ಸಾರ್ ಥರಾನೇ ಆಯ್ತಲ್ಲ.” ಗಾಡಿಯ ಕಡೆಗೆ ಗಲ್ಲ ಎತ್ತಿ ತೋರಿಸಿದರು.

ಗೌಡರು ಖಾಲಿ ಬಟ್ಟಲನ್ನು ಹುಲ್ಲಿನ ಮೇಲಿಟ್ಟರು. “ನಮ್ಮ ಬಂಗ್ಲೆ ಹಿಂದೇನೂ ಇತ್ತು ಬೇಲಿ,” ಎಂದರು. “ಹೇಳಿ ಡಾಕ್ಟ್ರೆ. ಎರಡೂ ಹೇಳಿ.”

ಎರಡನ್ನೂ ಹೇಳಿದೆ. ಮೇಷ್ಟ್ರಿಗೆ ಆ ಬಟ್ಟಲು ಕೊಳಕೆನಿಸಿರಲಿಕ್ಕಿಲ್ಲ, ತಮ್ಮ ತಾಯಿಯ ಲೋಟದಲ್ಲೂ ಅವರು ಹಾಗೆಯೇ ಕುಡಿದಿರಬೇಕು ಎಂಬುದನ್ನು ಹೇಳಿದೆ. ಇದು ನನ್ನ ಊಹೆ, ದಾಖಲೆಯಲ್ಲ ಎಂದೂ ಸೇರಿಸಿದೆ. ಅದೇ ಅಭ್ಯಾಸದಿಂದ ನಮ್ಮ ನಾಡಿನಲ್ಲಿ ಕೆಲವು ಮನುಷ್ಯರನ್ನು ಹೊರಗೆ ನಿಲ್ಲಿಸಿದ್ದನ್ನು, ಹಾಗೆ ನಿಂತವರ ಮೊಮ್ಮಗಳು ಇಲ್ಲಿ ಕುಳಿತಿರುವುದನ್ನು ಹೇಳಿದೆ. ಯಾವ ಭಾಷಣದಲ್ಲೂ ನಾನು ಇಷ್ಟು ಎಚ್ಚರದಿಂದ ಪದಗಳನ್ನು ಆರಿಸಿಲ್ಲ.

ಆತೊ ಗೆಬ್ರೆ ಸುಮಿತ್ರಾ ಅವರನ್ನೇ ನೋಡುತ್ತ ಹೇಳಿದ್ದನ್ನು ದಾವಿತ್ ಮೆಲ್ಲಗೆ, ತುಸು ತಡವರಿಸುತ್ತ ದಾಟಿಸಿದ. “ನಮ್ಮಲ್ಲೂ ಒಂದು ಜನವಿತ್ತು. ಕಾಡಿನಲ್ಲಿ ಬೇಟೆಯಾಡಿ ಬದುಕುತ್ತಿದ್ದವರು. ಅವರಿಗೆ ನಾವು ಬಟ್ಟಲು ಕೊಡುತ್ತಿರಲಿಲ್ಲ. ಹೊಸ್ತಿಲ ಆಚೆ ಎಲೆಯಲ್ಲಿ ಕೊಡುತ್ತಿದ್ದೆವು. ನನ್ನ ತಾಯಿಯೂ ಕೊಟ್ಟಿದ್ದಾಳೆ. ಬೇರೆ ದೇಶದವರಿಗೆ ಇದನ್ನು ನಾನು ಹೇಳಿದ್ದು ಇದೇ ಮೊದಲು.”

ಅಲ್ಮಾಜ್ ಹೂಜಿಯನ್ನು ಮತ್ತೆ ಒಲೆಯ ಮೇಲಿಟ್ಟಳು.

ಮೂರನೆಯ ಬಟ್ಟಲು ಸುಮಿತ್ರಾ ತಂದಿದ್ದ ಕಾಫಿಯದ್ದು. ಕ್ರಮದ ಪ್ರಕಾರ ಮೂರನೆಯದು ಮೊದಲಿನ ಪುಡಿಯದ್ದೇ ಆಗಿರಬೇಕು, ತೆಳ್ಳಗೆ. ಅಲ್ಮಾಜ್ ಬೇಕೆಂದೇ ಕ್ರಮ ಮುರಿದು ಬಾಳೂರಿನ ಬೀಜವನ್ನು ಹುರಿದಿದ್ದಳು. ಆತೊ ಗೆಬ್ರೆ ಕುಡಿದು, ನಾಲಿಗೆಯ ಮೇಲೆ ತಡೆದು, ಇದರ ಮೇಲೆ ಯಾವ ಮರಗಳು ನಿಂತಿವೆ ಎಂದು ಕೇಳಿದರು. ಸುಮಿತ್ರಾ ಬೆರಳು ಮಡಚದೆ ಹೇಳಿದರು: ಹಲಸು, ಅತ್ತಿ, ನೇರಳೆ, ನಂದಿ, ಬೀಟೆ. ಸಿಲ್ವರ್ ಓಕ್ ಕೂಡ ಇದೆ, ಅದು ಆಮೇಲೆ ಬಂದದ್ದು ಎಂದರು. ಕುದುರೆಮುಖದ ಬಗ್ಗೆಯೂ ಹಿರಿಯರು ಕೇಳಿದರು. ಗಣಿ ಕಂಪನಿ ಕಟ್ಟಿದ ಊರು ಈಗ ಹೆಚ್ಚುಕಡಿಮೆ ಖಾಲಿಯಾಗಿದೆ, ಕ್ವಾರ್ಟರ್ಸಿನ ಜಗಲಿಗಳಲ್ಲಿ ಗಿಡ ಎದ್ದಿವೆ ಎಂದು ಸುಮಿತ್ರಾ ವಿವರಿಸಿದರು. “ನಮ್ಮ ಮಾವನ ಕೆಲಸ ಹೋಯ್ತು ಅದ್ರಲ್ಲಿ. ಅದನ್ನೂ ಹೇಳಿ ಸಾರ್. ಆದ್ರೆ ಭದ್ರಾ ಹೊಳೆ ತಿಳಿಯಾಯ್ತು.”

ಮೇಲೆ ಮರ ಇಟ್ಟುಕೊಂಡು ಕಾಫಿ ಬೆಳೆಯುವವರು ದೂರದವರಲ್ಲ ಎಂದರು ಆತೊ ಗೆಬ್ರೆ. ನಾಳೆ ಬೆಳಗ್ಗೆ ಬನ್ನಿ, ಕಾಡಿಗೆ ಹೋಗೋಣ. ನಾನು ಆ ವಾಕ್ಯವನ್ನು ಕನ್ನಡಕ್ಕೆ ತರುವುದನ್ನೇ ಮರೆತೆ. ಗೌಡರು ಮೊಣಕೈಯಿಂದ ತಿವಿದು, “ಎಂತ ಹೇಳಿದ್ರು? ನಿಮ್ಮ ಮುಖ ನೋಡಿದ್ರೆ ಟಯರ್ ಬೋರ್ಡ್ ಮತ್ತೆ ಸಿಕ್ಕ ಹಾಗಿದೆ,” ಎಂದರು.

ಹೊರಗೆ ಬರುವಾಗ ದಾವಿತ್ ನನ್ನನ್ನು ತಡೆದು, ದನಿ ತಗ್ಗಿಸಿ, “ಸರ್, ನಿಮ್ಮ ನಾಯಕರ ಮಾತನ್ನು ಎಲ್ಲರೆದುರು ಅಲ್ಲವೆಂದಿರಿ. ಊರಿಗೆ ಹೋದ ಮೇಲೆ ನಿಮಗೆ ತೊಂದರೆಯಾಗುವುದಿಲ್ಲವೇ?” ಎಂದು ಕೇಳಿದ.

ನನಗೆ ಆ ಪ್ರಶ್ನೆಯ ಅರ್ಥ ತಕ್ಷಣ ಹೊಳೆಯಲೇ ಇಲ್ಲ. “ಊಟದ ತನಕ ಮಾತು ಬಿಡಬಹುದು,” ಎಂದೆ. “ಚುನಾವಣೆ ಬಂದಾಗ ಅವರೇ ನಮ್ಮ ಮನೆಯ ಅಂಗಳಕ್ಕೆ ಬಂದು ಕೈಮುಗಿದು ನಿಲ್ಲುತ್ತಾರೆ.”

ಅವನು ಇದನ್ನು ತಮಾಷೆಯೆಂದು ಭಾವಿಸಿ ನಕ್ಕ. ಬಳಿಕ ತಮಾಷೆಯಲ್ಲವೆಂದು ತಿಳಿದು ನಗು ನಿಲ್ಲಿಸಿದ. ನನ್ನ ದೇಶದ ಬಗ್ಗೆ ನಾನು ದನಿಯೆತ್ತರಿಸಿ ಮಾತಾಡುವವನಲ್ಲ. ಆ ಕೆಸರಿನ ಅಂಗಳದಲ್ಲಿ ಮಾತ್ರ, ಹೆಸರೇ ಉಳಿಯದ ಆ ಗಣಿತದ ಮೇಷ್ಟ್ರನ್ನೂ, ಒಳಗೆ ಅಲ್ಮಾಜ್ ಜೊತೆ ಸನ್ನೆಯಲ್ಲೇ ಹುರಿಯುವ ಹದ ಚರ್ಚಿಸುತ್ತಿದ್ದ ಸುಮಿತ್ರಾ ಅವರನ್ನೂ, ತನ್ನ ಮನೆಯ ಬೇಲಿಯನ್ನು ತಾನೇ ಒಪ್ಪಿಕೊಂಡ ಗೌಡರನ್ನೂ ನೆನೆದಾಗ ನನ್ನ ಕುತ್ತಿಗೆಯೂ ದಾವಿತ್‌ನದ್ದರಂತೆಯೇ ನೆಟ್ಟಗಾಗಿರಬೇಕು.

ಕಾಡು

ಮರುದಿನ ಬೆಳಗ್ಗೆ ನಾಯಕರು ಎಲ್ಲರಿಗಿಂತ ಮುಂಚೆ ಸಿದ್ಧರಾಗಿದ್ದರು. ಕಾಡಿನಲ್ಲಿ ಏಳು ಹಣ್ಣು ಕೊಯ್ದು ಅಂಗೈಯಲ್ಲಿಟ್ಟುಕೊಂಡು ಒಂದು ವೀಡಿಯೊ ಮಾಡಬೇಕೆಂದು ಅವರ ಯೋಜನೆ. ಹಳ್ಳಿ ತಲುಪಿದಾಗ ಆತೊ ಗೆಬ್ರೆ ಅವರ ತೋಳು ಹಿಡಿದು ಒಳಗೆ ಕರೆದೊಯ್ದರು. ನಿನ್ನೆ ಬೋರಲು ಹಾಕಿದ್ದ ಬಟ್ಟಲು ತಟ್ಟೆಯಲ್ಲಿ ಹಾಗೆಯೇ ಇತ್ತು. ಅಲ್ಮಾಜ್ ಅದನ್ನು ಮಗುಚಿ ತುಂಬಿದಳು.

“ಇದೆಂತದು?” ಎಂದರು ನಾಯಕರು.

“ನಿಮ್ಮ ಎರಡು ಬಾಕಿ ಇದೆ ಸಾರ್,” ಎಂದೆ. “ಮುಗಿಸದೆ ಈ ಮನೆಯಿಂದ ನೀವು ಹೊರಟ ಹಾಗೆ ಆಗೋದಿಲ್ಲವಂತೆ.”

ಅವರು ಕೈಗಡಿಯಾರ ನೋಡುತ್ತ ಎರಡನ್ನೂ ಕುಡಿದರು. ನಡುವೆ ನೀರು ಕುದಿಯುವ ತನಕ ಮಾತಿಲ್ಲದೆ ಕುಳಿತಿರಬೇಕಾಯಿತು. ಅಷ್ಟು ಹೊತ್ತು ಅವರು ಸುಮ್ಮನಿದ್ದುದನ್ನು ನಾನು ಹಿಂದೆ ಕಂಡಿರಲಿಲ್ಲ. ಆತೊ ಗೆಬ್ರೆ ಅವರ ಪಕ್ಕದಲ್ಲೇ ಕುಳಿತು ಬೆನ್ನು ತಟ್ಟುತ್ತಿದ್ದರು. ಅದರಲ್ಲಿ ವ್ಯಂಗ್ಯವಿರಲಿಲ್ಲ.

ಕಾಡಿನ ಬಗ್ಗೆ ಬರೆಯಲು ನನ್ನ ಬಳಿ ಇರುವ ಪದಗಳು ಕಡಿಮೆ. ಎತ್ತರದ ಮರಗಳಿಗೆ ಪಾಚಿ ನೇತಾಡುತ್ತಿತ್ತು. ಅವುಗಳ ನೆರಳಿನಲ್ಲಿ, ಸಾಲಿಲ್ಲದೆ, ಕಸಿಯಿಲ್ಲದೆ, ಯಾರೂ ಕತ್ತರಿಸಿ ತಿದ್ದದೆ, ಮನುಷ್ಯನಿಗಿಂತ ಎತ್ತರವಾಗಿ, ಬೆಳಕಿನ ಕಡೆಗೆ ಬಾಗಿ, ಕಾಫಿ ತನ್ನ ಪಾಡಿಗೆ ತಾನು ನಿಂತಿತ್ತು. ಒಂದು ಗಿಡದ ಎಲೆಯನ್ನು ಕೀಳದೆ ಮಗುಚಿ ನೋಡಿದೆ. ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ. ಎಲೆತುಕ್ಕು. ನಾನು ಜೀವಮಾನವಿಡೀ ಯಾವುದರ ವಿರುದ್ಧ ಹೋರಾಡಿದೆನೋ ಅದು ಇಲ್ಲಿಯೂ ಇತ್ತು; ಗಿಡವೂ ಇತ್ತು. ಒಂದು ಇನ್ನೊಂದನ್ನು ಮುಗಿಸಿರಲಿಲ್ಲ. ನನ್ನ ಪ್ರಬಂಧಗಳಲ್ಲಿ ನಾನು ‘ನಿರ್ಮೂಲನ’ ಎಂಬ ಪದವನ್ನು ಬಳಸಿದ್ದು ನೆನಪಾಗಿ, ತೊಗಟೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ.

ನಾಯಕರು ಏಳು ಹಣ್ಣು ಕೇಳಿದರು. ಬೀಜ ಹೊರಗೆ ಒಯ್ಯಲು ಕಾನೂನು ಬಿಡುವುದಿಲ್ಲವೆಂದು ದಾವಿತ್ ಹೇಳಿದ.

“ಏಳೇ ಏಳು ಮಾರಾಯ. ಫೋಟೋ ತೆಗೆದು ಇಲ್ಲೇ ಹಾಕ್ತೀನಿ.”

“ಸಾರ್,” ಎಂದರು ಸುಮಿತ್ರಾ, “ಆಗ ಸಂತರು ಏಳು ಬೀಜ ಬಚ್ಚಿಟ್ಟು ತಂದ್ರು ಅಂತ ಕಥೆ. ಈಗ ಕ್ಯಾಮೆರಾ ಇಟ್ಕೊಂಡು ಬಚ್ಚಿಡೋದು ಹೆಂಗೆ?”

ಆತೊ ಗೆಬ್ರೆಗೆ ಸಂತರ ಕಥೆಯನ್ನು ಮತ್ತೆ ಹೇಳಬೇಕಾಯಿತು. ಅವರು ಕೇಳಿ ಬಾಯ್ತುಂಬ ನಕ್ಕರು. “ಏಳೇ ತೆಗೆದುಕೊಂಡನೇ? ಹಾಗಾದರೆ ಆತ ಒಳ್ಳೆಯವನು. ಬೊಗಸೆ ತುಂಬುವಷ್ಟಿತ್ತು.”

ನಾಯಕರು ಹಣ್ಣಿಲ್ಲದೆಯೇ ವೀಡಿಯೊ ಮಾಡಿದರು. ಕಾಫಿಯ ತವರನ್ನು ಹುಡುಕಿಕೊಂಡು ಬಂದ ಮೊದಲ ಭಾರತೀಯರು ತಾವೆಂದು ಘೋಷಿಸಿದರು. ನನ್ನ ತಾಕಿನ ಅಗಾರೊ ಗಿಡಗಳು ನಾನು ಕೆಲಸಕ್ಕೆ ಸೇರುವ ಮುಂಚೆಯೇ ತಾವಾಗಿ ಹಾರಿಬಂದವೇ ಎಂದು ಕೇಳಬೇಕೆನಿಸಿತು. ಮೂರು ಬಟ್ಟಲಿನಿಂದ ಆಗದ್ದು ನನ್ನ ಪ್ರಶ್ನೆಯಿಂದ ಆಗುವಂತಿರಲಿಲ್ಲ.

ಬಾಳೂರು

ನಾವು ಊರು ತಲುಪುವ ಮೊದಲೇ ಪತ್ರಿಕೆಯೊಂದರಲ್ಲಿ ಸುದ್ದಿ ಬಂದಿತ್ತು: ಕಾಫಿಯ ತವರಿನಲ್ಲಿ ಭಾರತದ ಕೀರ್ತಿ ಮೆರೆಸಿದ ನಾಯಕ. ಸಂಗತಿದೋಷಗಳನ್ನು ಪಟ್ಟಿಮಾಡಿ ಸಂಪಾದಕರಿಗೆ ಪತ್ರ ಬರೆದೆ. ಒಳಪುಟದ ಮೂಲೆಯಲ್ಲಿ, ರಬ್ಬರ್ ಗಮ್‌ಬೂಟಿನ ಜಾಹೀರಾತಿನ ಕೆಳಗೆ, ಅದೂ ಅಚ್ಚಾಯಿತು. ಅಚ್ಚಾಯಿತು ಎಂಬುದನ್ನು ನಾನು ಲಘುವಾಗಿ ಎಣಿಸುವುದಿಲ್ಲ.

ಕೆಲವು ವಾರಗಳ ಬಳಿಕ ಸುಮಿತ್ರಾ ತಮ್ಮ ಗುಂಪಿನ ಹೆಂಗಸರಿಗೆ ಪ್ರವಾಸದ ಚಿತ್ರ ತೋರಿಸಲು ಮನೆಗೆ ಕರೆದರು. ನನ್ನನ್ನೂ, ಗೌಡರನ್ನೂ, ನಾಯಕರನ್ನೂ ಕರೆದಿದ್ದರು. ನಾಯಕರಿಗೆ ಅಂದು ಬೇರೆಲ್ಲೋ ಸನ್ಮಾನವಿತ್ತು. ಗೌಡರ ಜೀಪು ಇಳಿಜಾರಿನಲ್ಲಿ ಇಳಿದು ಬಂದಾಗ ಹೆಂಗಸರಲ್ಲಿ ಹಿರಿಯರಾದ ಕೆಲವರು ಎದ್ದು ನಿಂತರು. ಆ ಜೀಪು ಬಾಳೂರಿನ ಆ ಅಂಗಳಕ್ಕೆ ಹಿಂದೆಂದೂ ಬಂದಿರಲಿಲ್ಲ. ಎದ್ದವರನ್ನು ಸುಮಿತ್ರಾ ಮತ್ತೆ ಕೂರಿಸಿದರು.

ಸುಮಿತ್ರಾ ಅಲ್ಲಿಂದ ತರುತ್ತಿದ್ದ ಕಪ್ಪು ಮಣ್ಣಿನ ಹೂಜಿ ವಿಮಾನದಲ್ಲಿ ಒಡೆದುಹೋಗಿತ್ತು. ಆದ್ದರಿಂದ ಕಾಫಿ ಬಂದದ್ದು ಅಲ್ಯುಮಿನಿಯಂ ಪಾತ್ರೆಯಲ್ಲಿ, ಬೆಲ್ಲ ಹಾಕಿ, ಹಾಲಿಲ್ಲದೆ, ಸ್ಟೀಲಿನ ಲೋಟಗಳಲ್ಲಿ. ಎಲ್ಲವೂ ಒಂದೇ ಥರದ ಲೋಟ. ಗೌಡರು ತಮ್ಮದನ್ನು ಎತ್ತಿದರು. ಕೈ ಅಭ್ಯಾಸದಂತೆ ಮೇಲಕ್ಕೆ ಹೋಯಿತು, ತಲೆ ಹಿಂದಕ್ಕೆ ವಾಲಿತು. ಅಲ್ಲೇ ನಿಂತಿತು. ಅಂಗಳದಲ್ಲಿದ್ದವರೆಲ್ಲ ನೋಡುತ್ತಿದ್ದರು, ನಾನೂ. ಅವರು ಲೋಟವನ್ನು ನಿಧಾನವಾಗಿ ಕೆಳಗೆ ತಂದು, ಮೊದಲ ಸಲ ಕುಡಿಯಲು ಕಲಿಯುತ್ತಿರುವವರಂತೆ, ಅದರ ಅಂಚಿಗೆ ತುಟಿ ಇಟ್ಟರು.

“ಬಾಯಿ ಸುಡ್ತಾ ಗೌಡ್ರೆ?” ಎಂದರು ಸುಮಿತ್ರಾ.

“ಸುಡ್ತದೆ ಮಾರಾಯ್ತಿ,” ಎಂದರು ಗೌಡರು. ಖಾಲಿ ಲೋಟವನ್ನು ಮುಂದಕ್ಕೆ ಚಾಚಿದರು. “ಹಾಕು. ಇನ್ನೂ ಎರಡಿದೆ.”